ಅಪ್ಪ, ಶುಕ್ರವಾರದ ಮ್ಯಾಚ್ ಶನಿವಾರ ನೋಡಿ

ಮ್ಯೂನಿಕ್
ಜುಲೈ 1, 2024

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಮಾಮೂಲಿನಂತೆ ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ ಅಂತ ಬರೆಯಲು ಕೈ ಬರುತ್ತಿಲ್ಲ. ಗುರುವಾರ ಅಕ್ಕನ ಮೇಲ್ ಬಂತು. ಎಲ್ಲ ಬರೆದಿದ್ದಾಳೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ಅಪ್ಪ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂತ ಹೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕ ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತಾಳೆ. ಪೂರ್ತಿ ಓದಿ ಅಪ್ಪ. ಮಧ್ಯದಲ್ಲಿ ಮಡಚಿ ಇಡಬೇಡಿ.

23ನೇ ತಾರೀಖು, ಇಲ್ಲಿ ನಡೆಯುತ್ತಿರುವ ಯುರೋ ಕಪ್ ಫುಟ್‌ಬಾಲಿನಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಮ್ಯಾಚ್. ಇಲ್ಲಿ ರಾತ್ರಿ 9 ಗಂಟೆ ಅಂದರೆ ನಿಮಗೆ ನಡುರಾತ್ರಿ ಹನ್ನೆರಡೂವರೆ. ದೀಪ ಆರಿಸಿ, ಟಿವಿಯ ಸೌಂಡ್ ತೆಗೆದು, ಒಬ್ಬರೇ ಕೂತು ನೋಡಿದ್ದೀರಿ. 28ನೇ ನಿಮಿಷದಲ್ಲಿ ಸ್ವಿಸ್ಸಿನವರು ಗೋಲು ಹೊಡೆದರು. ಆಮೇಲೆ ಒಂದು ಗಂಟೆಗೂ ಜಾಸ್ತಿ ಹೊತ್ತು ಜರ್ಮನಿ ಹೆಣಗಾಡಿತು. 90 ನಿಮಿಷ ಮುಗಿದು, ಸೇರಿಸಿ ಕೊಟ್ಟ ಸಮಯದ ಎರಡನೇ ನಿಮಿಷದಲ್ಲಿ ರೌಮ್ ಎತ್ತಿ ಕೊಟ್ಟ ಚೆಂಡನ್ನು ಫುಲ್‌ಕ್ರುಗ್ ತಲೆಯಿಂದ ಗೋಲಿಗೆ ಹೊಡೆದ. ನೀವು ಕುರ್ಚಿಯಿಂದ ಎಗರಿದಿರಂತೆ. ಮರುಗಳಿಗೆಗೆ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿರಂತೆ. ಅಮ್ಮ ನೀರು ಕುಡಿಯಲು ಎದ್ದು ಬಂದಿದ್ದಕ್ಕೆ ಗೊತ್ತಾಯಿತು. "ಯಾರಿಗೂ ಹೇಳಬೇಡ" ಅಂತ ಅವಳ ಬಾಯಿಗೂ ಬೀಗ ಹಾಕಿದ್ದೀರಿ.

ಸ್ಟೆಂಟ್ ಹಾಕಿಸಿಕೊಂಡು ಇನ್ನೂ ಎರಡೂವರೆ ತಿಂಗಳು ಅಪ್ಪ.

ಓದಿದಾಗ ನನಗೆ ಕೈಕಾಲೇ ಆಡಲಿಲ್ಲ. ಯಾಕೆ ಗೊತ್ತಾ? ಆ ಹೊತ್ತಿಗೆ ಸರಿಯಾಗಿ ನಾನೂ ಎಗರಿದ್ದೆ. ಇಲ್ಲಿನ ಒಲಿಂಪಿಕ್ ಪಾರ್ಕಿನಲ್ಲಿ ದೊಡ್ಡ ಪರದೆ ಹಾಕಿದ್ದಾರೆ. 1972ರ ಒಲಿಂಪಿಕ್ಸ್ ನಡೆದ ಜಾಗ ಅದು. ಆಫೀಸಿನವರ ಜೊತೆ ಹೋಗಿದ್ದೆ. ಗೋಲು ಬಿದ್ದಾಗ ಸಾವಿರಾರು ಜನರ ಗಂಟಲು ಒಂದೇ ಆಯಿತು. ಯಾರ ಕೈಯಲ್ಲೂ ಲೋಟ ಉಳಿಯಲಿಲ್ಲ. ಬಿಯರ್ ಎಲ್ಲ ಮೇಲಕ್ಕೆ ಹಾರಿ ತಲೆ ಮೇಲೆ ಮಳೆ ಸುರಿದ ಹಾಗೆ ಬಿತ್ತು. ಅದಕ್ಕೆ ಇವರಲ್ಲಿ "ಬಿಯರ್ ಸ್ನಾನ" ಅಂತ ಹೆಸರೇ ಇದೆ. ಬಸ್ಸಿನಲ್ಲಿ ಪಕ್ಕ ಕೂತರೂ ಮುಖ ನೋಡದ ಜನ ಇವರು. ಆಗ ಗುರುತು ಪರಿಚಯ ಇಲ್ಲದವರನ್ನು ತಬ್ಬಿಕೊಂಡು ಅಳುತ್ತಿದ್ದರು.

ಅಮ್ಮ, ನೀನು ಕೇಳುವುದು ಗೊತ್ತು. "ಆ ಕುಡುಕರ ಮಧ್ಯೆ ನೀನು ಯಾಕೆ ಹೋದೆ?" ಅಂತ. ಒಂದು ವಿಷಯ ಹೇಳುತ್ತೇನೆ ಕೇಳು. ಆ ಗಲಾಟೆಯಲ್ಲಿ ನನ್ನ ಮುಂದಿದ್ದ ಒಬ್ಬ ಅಜ್ಜಿಯ ಕನ್ನಡಕ ಕೆಳಗೆ ಬಿತ್ತು. ಆಕೆ ಏನೋ ಕೂಗಿದರು. ಪಕ್ಕದಲ್ಲಿ ಕುಣಿಯುತ್ತಿದ್ದ ದಢೂತಿ ಹುಡುಗ ತಟ್ಟನೆ ನಿಂತು ಎರಡೂ ಕೈ ಅಗಲಿಸಿದ. ಅವನ ಗೆಳೆಯರೂ ಹಾಗೇ ಮಾಡಿದರು. ಸುತ್ತ ಒಂದು ಚಿಕ್ಕ ಬಳೆಯ ಹಾಗೆ ಜಾಗ ಆಯಿತು. ನಾಲ್ಕೈದು ಜನ ಮೊಬೈಲ್ ಟಾರ್ಚ್ ಹಾಕಿ ಹುಲ್ಲಿನಲ್ಲಿ ಹುಡುಕಿದರು. ಕನ್ನಡಕ ಸಿಕ್ಕಿತು. ಹುಡುಗ ತನ್ನ ಒದ್ದೆ ಜರ್ಸಿಯಲ್ಲೇ ಒರೆಸಿ ಅಜ್ಜಿಯ ಕಿವಿಗೆ ಸಿಕ್ಕಿಸಿದ. ಬಳೆ ಮುಚ್ಚಿಕೊಂಡಿತು, ಮತ್ತೆ ಕುಣಿತ ಶುರುವಾಯಿತು. ಇಂಥ ಜನರ ಮಧ್ಯೆ ನನಗೇನೂ ಆಗುವುದಿಲ್ಲ ಅಮ್ಮ. ಪೊಲೀಸರು ಇರುತ್ತಾರೆ, ಆಂಬುಲೆನ್ಸ್ ಇರುತ್ತದೆ, ಒಳಗೆ ಬಿಡುವ ಮೊದಲೇ ಬ್ಯಾಗ್ ನೋಡುತ್ತಾರೆ. ನಾನು ಯಾವಾಗಲೂ ಅಂಚಿನಲ್ಲೇ ನಿಲ್ಲುತ್ತೇನೆ. ನಾನು ಕುಡಿಯುವುದೂ ಇಲ್ಲ. ನಿಜವಾಗಲೂ ಏನೂ ಭಯವಿಲ್ಲ.

ಟಿವಿಯಲ್ಲಿ ನೀನು ನೋಡಿದ ಲಂಗದ ಗಂಡಸರು ಸ್ಕಾಟ್ಲೆಂಡಿನವರು. ಅದು ಅವರ ಉಡುಗೆ, ಕಿಲ್ಟ್ ಅನ್ನುತ್ತಾರೆ. ಜೂನ್ 14ರಂದು ಮೊದಲ ಮ್ಯಾಚ್ ನಮ್ಮ ಊರಲ್ಲೇ ಇತ್ತಲ್ಲ, ಅದಕ್ಕೂ ಮೊದಲೇ ಬಂದು ಮರಿಯನ್‌ಪ್ಲಾಟ್ಸ್ ಚೌಕದಲ್ಲಿ ಬ್ಯಾಗ್‌ಪೈಪ್ ಊದುತ್ತಾ ಕುಣಿದರು. ಅವರ ತಂಡ 5-1ರಲ್ಲಿ ಸೋತಿತು. ಅವರ ಲೆಕ್ಕಕ್ಕೆ ಬಂದ ಆ ಒಂದು ಗೋಲೂ ಜರ್ಮನಿಯ ರೂಡಿಗರ್ ತಲೆಗೆ ತಾಗಿ ತನ್ನದೇ ಗೋಲಿಗೆ ಹೋದದ್ದು. ಆಗ 87ನೇ ನಿಮಿಷ. ನಾಲ್ಕು ಗೋಲು ಹಿಂದಿದ್ದರು. ಆದರೂ ಕಪ್ಪನ್ನೇ ಗೆದ್ದವರ ಹಾಗೆ ಕೂಗಿದರು. ನನಗೆ ಅವರ ಮೇಲೆ ತುಂಬಾ ಪ್ರೀತಿ ಬಂತು. ಅಪ್ಪ, ನಿಮಗೂ ಬಂದಿರಬೇಕು.

ಇನ್ನು ನಮ್ಮ ಊರಿನ ಲಿಯೋಪೋಲ್ಡ್‌ಸ್ಟ್ರಾಸೆ. ಗೆದ್ದ ರಾತ್ರಿ ಎಲ್ಲರೂ ಆ ರಸ್ತೆಗೇ ಬರುತ್ತಾರೆ. ಪೊಲೀಸರು ಬೇರೆ ವಾಹನ ತಡೆದು ಜನರಿಗೆ ಬಿಟ್ಟುಕೊಡುತ್ತಾರೆ. ಕಾರಿನ ಕಿಟಕಿ ಮೇಲೆ ಕೂತು, ಅರ್ಧ ಮೈ ಹೊರಗೆ ಹಾಕಿ, ಬಾವುಟ ಬೀಸುತ್ತಾ ಹಾರ್ನ್ ಹೊಡೆಯುತ್ತಾರೆ. ಇದಕ್ಕೆ ಆಟೋಕೊರ್ಸೊ ಅಂತ ಹೆಸರು. ಭಾನುವಾರ ಗೋಡೆಗೆ ಮೊಳೆ ಹೊಡೆದರೆ ಪಕ್ಕದವರು ಬಂದು ಬಾಗಿಲು ತಟ್ಟುವ ಊರಿದು. ರಾತ್ರಿ 10ರ ಮೇಲೆ ಸದ್ದು ಮಾಡುವ ಹಾಗಿಲ್ಲ. ಈ ಟೂರ್ನಿಗೆ ಅಂತ ಪರದೆ ಹಾಕಿದ ಕಡೆ ಸರ್ಕಾರವೇ ಆ ನಿಯಮ ಸಡಿಲ ಮಾಡಿದೆ. ಜರ್ಮನಿಯವರಷ್ಟೇ ಅಲ್ಲ, ಇಲ್ಲೇ ಹುಟ್ಟಿ ಬೆಳೆದ ಟರ್ಕಿ ಮೂಲದವರು ಟರ್ಕಿ ಗೆದ್ದ ದಿನ ಹಾಗೇ ಹಾರ್ನ್ ಹೊಡೆಯುತ್ತಾ ಬರುತ್ತಾರೆ. ನಾಳೆ ಇಲ್ಲಿ ನೆದರ್ಲೆಂಡ್ಸ್ ಮತ್ತು ರೊಮೇನಿಯಾ ಮ್ಯಾಚ್. ನೆದರ್ಲೆಂಡ್ಸಿನವರು ಒಂದು ಕಿತ್ತಳೆ ಬಣ್ಣದ ಡಬಲ್ ಡೆಕ್ಕರ್ ಬಸ್ಸಿನ ಹಿಂದೆ ಸ್ಟೇಡಿಯಂಗೆ ನಡೆದು ಹೋಗುತ್ತಾರೆ. "ಎಡಕ್ಕೆ, ಬಲಕ್ಕೆ" ಅಂತ ಹಾಡುತ್ತಾ ಸಾವಿರಾರು ಜನ ಒಟ್ಟಿಗೆ ಎಡಕ್ಕೂ ಬಲಕ್ಕೂ ಹಾರುತ್ತಾರೆ. ನಾಳೆ ಮಧ್ಯಾಹ್ನವೇ ಆಫೀಸ್ ಬಿಟ್ಟು ಅದನ್ನು ನೋಡಲು ಹೋಗುತ್ತೇನೆ. ದೂರದಿಂದಲೇ ಅಮ್ಮ.

ಸರಿ, ಮತ್ತೆ ಅಪ್ಪನ ವಿಷಯಕ್ಕೆ ಬರುತ್ತೇನೆ.

ನಮ್ಮ ಆಫೀಸಿನಲ್ಲಿ ಮೆಕ್ಸಿಕೋದ ಒಬ್ಬರಿದ್ದಾರೆ. 2018ರ ವಿಶ್ವಕಪ್ಪಿನಲ್ಲಿ ಜೂನ್ 17ರಂದು ಮೆಕ್ಸಿಕೋ ಇದೇ ಜರ್ಮನಿಯನ್ನು 1-0ರಲ್ಲಿ ಸೋಲಿಸಿತ್ತು. ಲೊಸಾನೊ 35ನೇ ನಿಮಿಷದಲ್ಲಿ ಗೋಲು ಹೊಡೆದಾಗ ಮೆಕ್ಸಿಕೋ ಸಿಟಿಯಲ್ಲಿ ಜನ ಎಷ್ಟು ಜೋರಾಗಿ ಕುಣಿದರು ಅಂದರೆ, ಭೂಕಂಪ ಅಳೆಯುವ ಕನಿಷ್ಠ ಎರಡು ಯಂತ್ರಗಳಲ್ಲಿ ಆ ನಡುಕ ದಾಖಲಾಯಿತು. ಭೂಕಂಪ ಅಲ್ಲ ಅದು, ಜನರ ಕಾಲಿನ ಪೆಟ್ಟು. ಪೆರುವಿನಲ್ಲೂ ಹೀಗೇ ಆಗಿತ್ತಂತೆ. 2017ರ ನವೆಂಬರಿನಲ್ಲಿ ನ್ಯೂಜಿಲೆಂಡ್ ಮೇಲೆ ಫರ್ಫಾನ್ ಗೋಲು ಹೊಡೆದಾಗ ಭೂಕಂಪದ ಎಚ್ಚರಿಕೆ ಕೊಡುವ ಆ್ಯಪ್ ನಿಜವಾದ ಭೂಕಂಪ ಅಂತಲೇ ತಿಳಿದು ಸಂದೇಶ ಕಳಿಸಿತು. 36 ವರ್ಷದ ಮೇಲೆ ಅವರಿಗೆ ವಿಶ್ವಕಪ್ಪಿಗೆ ದಾರಿ ತೆರೆದಿತ್ತು. ಮರುದಿನ ದೇಶಕ್ಕೇ ರಜೆ ಕೊಟ್ಟರು.

ನಿಮಗೆ ಖುಷಿಯಾಗಲಿ ಅಂತ ಇದನ್ನು ಬರೆದೆ, ಇಲ್ಲ ಅನ್ನುವುದಿಲ್ಲ. ಆದರೆ ಇಂಥ ಕುಣಿತ ನೆಲಕ್ಕೇ ತಾಗುತ್ತದೆ ಅಂದರೆ ಎದೆಗೆ ತಾಗುವುದಿಲ್ಲವೇ? ಅದನ್ನೂ ಲೆಕ್ಕ ಹಾಕಿದ್ದಾರೆ, ಅದೂ ಇದೇ ಮ್ಯೂನಿಕ್‌ನಲ್ಲಿ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆಯಿತಲ್ಲ, ಆಗ ಈ ಊರಿನ ಸುತ್ತಮುತ್ತ ಹೃದಯದ ತೊಂದರೆಯಿಂದ ತುರ್ತಾಗಿ ಡಾಕ್ಟರನ್ನು ಕರೆಸಿಕೊಂಡವರ ವಿವರ ತೆಗೆದು ಮಾಮೂಲಿ ದಿನಗಳ ಜೊತೆ ಹೋಲಿಸಿದರು. ಒಟ್ಟು 4,279 ಜನ. ಇಲ್ಲಿನ ಡಾಕ್ಟರುಗಳು 2008ರಲ್ಲಿ ಅದನ್ನು ಪ್ರಕಟಿಸಿದರು. ಜರ್ಮನಿ ಆಡಿದ ದಿನ ಇಂಥ ಪ್ರಕರಣ 2.66 ಪಟ್ಟು ಆಗಿದ್ದವು. ಗಂಡಸರಲ್ಲಿ 3.26 ಪಟ್ಟು. ಮ್ಯಾಚ್ ಶುರುವಾದ ಮೊದಲ ಎರಡು ಗಂಟೆಯಲ್ಲೇ ಜಾಸ್ತಿ. ಆ ದಿನಗಳಲ್ಲಿ ಹೃದಯದ ರಕ್ತನಾಳದ ತೊಂದರೆಗೆ ಸಿಕ್ಕಿದವರಲ್ಲಿ ನೂರಕ್ಕೆ 47 ಜನಕ್ಕೆ ಆ ಕಾಯಿಲೆ ಮೊದಲೇ ಇತ್ತು. ಅಂದರೆ ನಿಮ್ಮಂಥವರು ಅಪ್ಪ. ಗೆದ್ದರೋ ಸೋತರೋ ಅನ್ನುವುದಕ್ಕಿಂತ, ಮ್ಯಾಚ್ ಎಷ್ಟು ಉಸಿರು ಬಿಗಿ ಹಿಡಿಸುತ್ತದೆ ಅನ್ನುವುದೇ ಮುಖ್ಯ ಅಂತ ಬರೆದಿದ್ದಾರೆ.

ಅಕ್ಕನ ಮೇಲ್ ಬಂದ ಮೇಲೆ ನನಗೆ ಪಾರ್ಕಿಗೆ ಹೋಗಲು ಮನಸ್ಸಾಗಲಿಲ್ಲ. ಶನಿವಾರದ ಡೆನ್ಮಾರ್ಕ್ ಮ್ಯಾಚನ್ನು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಸೆಕೆಗೆ ಕಿಟಕಿ ತೆಗೆದಿತ್ತು. ಆಗ ಒಂದು ವಿಷಯ ಗಮನಕ್ಕೆ ಬಂತು. ಇಂಟರ್ನೆಟ್ಟಿನಲ್ಲಿ ಬರುವ ಚಿತ್ರ ಟಿವಿಗಿಂತ ಹಿಂದೆ ಇರುತ್ತದೆ. ಕೆಳಗಿನ ಮನೆಯವರದು ಡಿಶ್. ಹಾವರ್ಟ್ಸ್ ಪೆನಾಲ್ಟಿ ಹೊಡೆಯಲು ನನ್ನ ಪರದೆಯಲ್ಲಿ ಚೆಂಡನ್ನು ಇನ್ನೂ ಇಡುತ್ತಿದ್ದ. ಅಷ್ಟರಲ್ಲಿ ಕೆಳಗಿನಿಂದ "ತೋಓಓರ್!" ಅಂತ ಕೂಗು ಬಂತು. ತೋರ್ ಅಂದರೆ ಗೋಲು. ಎದುರಿನ ಮನೆ, ಆಚೆ ಬೀದಿ, ಎಲ್ಲ ಕಡೆಯಿಂದ ಕೂಗು. ಯಾರೋ ಪಾತ್ರೆ ಬಡಿದರು. ನನ್ನ ಪರದೆಯಲ್ಲಿ ಹಾವರ್ಟ್ಸ್ ಆಮೇಲೆ ಓಡಿ ಬಂದು ಹೊಡೆದ. ಗೋಲಾಯಿತು. ನನಗೂ ಕಣ್ಣಲ್ಲಿ ನೀರು ಬಂತು, ಚಪ್ಪಾಳೆ ತಟ್ಟಿದೆ. ಆದರೆ ಎದೆ ಡವಡವ ಅನ್ನಲಿಲ್ಲ. ಮುಸಿಯಾಲ 68ನೇ ನಿಮಿಷದಲ್ಲಿ ಎರಡನೆಯದು ಹೊಡೆದಾಗಲೂ ಅಷ್ಟೇ. ಖುಷಿ ಪೂರ್ತಿ ಇತ್ತು, ಹೆದರಿಕೆ ಮಾತ್ರ ಇರಲಿಲ್ಲ.

ಅದೇ ರಾತ್ರಿ ನೀವು ನೋಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. 4ನೇ ನಿಮಿಷದಲ್ಲಿ ಶ್ಲೊಟರ್‌ಬೆಕ್ ಹೊಡೆದ ಗೋಲು ರದ್ದು. ಸಿಡಿಲು ಮಳೆಗೆ ಆಟ ಅರ್ಧ ಗಂಟೆ ಹತ್ತಿರ ನಿಂತಿತು. ಡೆನ್ಮಾರ್ಕಿನ ಆಂಡರ್ಸನ್ ಹೊಡೆದ ಗೋಲೂ, ಅವನ ತಂಡದ ಇನ್ನೊಬ್ಬ ಕಾಲಿನ ತುದಿಯಷ್ಟು ಆಫ್‌ಸೈಡ್ ಇದ್ದ ಅಂತ ರದ್ದಾಯಿತು. ಕೆಲವೇ ನಿಮಿಷದಲ್ಲಿ ಅದೇ ಆಂಡರ್ಸನ್ ಕೈಗೆ ಚೆಂಡು ತಾಗಿ ಜರ್ಮನಿಗೆ ಪೆನಾಲ್ಟಿ. ನೋಡಿಲ್ಲ ಅಂತ ಅಮ್ಮ ಹೇಳಿದಳು. ನಂಬಿದ್ದೇನೆ ಅಪ್ಪ.

ಈಗ ಶುಕ್ರವಾರ, ಜುಲೈ 5. ಸ್ಟುಟ್‌ಗಾರ್ಟಿನಲ್ಲಿ ಸ್ಪೇನ್ ಜೊತೆ ಕ್ವಾರ್ಟರ್ ಫೈನಲ್. ಇಲ್ಲಿ ಸಂಜೆ 6, ನಿಮಗೆ ರಾತ್ರಿ 9:30. "ನಿದ್ದೆಗೆಡುವುದಿಲ್ಲ, ನೋಡುತ್ತೇನೆ" ಅಂತ ನೀವು ಅಮ್ಮನ ಹತ್ತಿರ ಈಗಲೇ ಶುರು ಮಾಡಿದ್ದೀರಂತೆ. ಬೇಡ ಅಪ್ಪ. ಇಡೀ ಟೂರ್ನಿಯಲ್ಲೇ ಇದು ಬಲು ಬಿಗಿ ಮ್ಯಾಚ್. ಸಮವಾದರೆ ಇನ್ನೂ ಅರ್ಧ ಗಂಟೆ, ಆಮೇಲೆ ಪೆನಾಲ್ಟಿ. ಪೆನಾಲ್ಟಿವರೆಗೆ ಹೋದ ಮ್ಯಾಚ್ ಬಗ್ಗೆ ಆ ಡಾಕ್ಟರುಗಳು ಏನು ಬರೆದಿದ್ದಾರೆ ಅಂತ ಅಕ್ಕನಿಗೆ ಕಳಿಸಿದ್ದೇನೆ, ಕೇಳಿ ನೋಡಿ.

ಹೀಗೆ ಮಾಡಿ. ಶುಕ್ರವಾರ ಊಟ ಮಾಡಿ, ಮಾತ್ರೆ ತಗೊಂಡು ಹತ್ತು ಗಂಟೆಗೆ ಮಲಗಿ. ಭಾವ ಮ್ಯಾಚ್ ರೆಕಾರ್ಡ್ ಮಾಡಿಡುತ್ತಾರೆ, ಮಾತಾಡಿದ್ದೇನೆ. ಶನಿವಾರ ನಿಮ್ಮ ಬೆಳಿಗ್ಗೆ 9 ಗಂಟೆಗೆ ನಾನೇ ಫೋನ್ ಮಾಡುತ್ತೇನೆ. ಇಲ್ಲಿ ಆಗ ಐದೂವರೆ, ಎದ್ದಿರುತ್ತೇನೆ. ಯಾರು ಗೆದ್ದರು, ಯಾರು ಯಾವ ನಿಮಿಷದಲ್ಲಿ ಹೊಡೆದರು, ಎಲ್ಲ ಮೊದಲೇ ಹೇಳುತ್ತೇನೆ. ಆಮೇಲೆ ಕಾಲು ಚಾಚಿ ಕೂತು, ಟಿವಿ ಸೌಂಡ್ ಜೋರಾಗಿ ಇಟ್ಟು, ಹಗಲು ಬೆಳಕಿನಲ್ಲಿ ನೋಡಿ. ಗೋಲು ಬರುವ ಮೊದಲೇ ಕೂಗಿ. ಅಮ್ಮನೂ ಜೊತೆಗೆ ಕೂರಲಿ. ಕದ್ದು ನೋಡುವುದು ಮಾತ್ರ ಇನ್ನು ಬೇಡ.

ರಕ್ತ ತೆಳುವಾಗಲು ಕೊಟ್ಟ ಎರಡೂ ಮಾತ್ರೆ ಒಂದು ದಿನವೂ ತಪ್ಪಬಾರದು. "ಈಗ ಚೆನ್ನಾಗಿದೆಯಲ್ಲ" ಅಂತ ನೀವಾಗಿ ನಿಲ್ಲಿಸಬೇಡಿ. ಈ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿ 23ರ ರಾತ್ರಿ ಆದದ್ದನ್ನು ಇದ್ದ ಹಾಗೆ ಹೇಳಿ. ದುಡ್ಡಿನ ಚಿಂತೆ ಬೇಡ, ಅಕ್ಕನ ಖಾತೆಗೆ ಇವತ್ತೇ ಹಾಕಿದ್ದೇನೆ. ನನಗೆ ಕಷ್ಟವಾಗುತ್ತದೆ ಅಂತ ಅಂದುಕೊಳ್ಳಬೇಡಿ, ಒಂಚೂರೂ ಆಗುವುದಿಲ್ಲ. ಸಂಬಳ ಸರಿಯಾಗಿ ಬರುತ್ತಿದೆ, ಊಟ ಸರಿಯಾಗಿದೆ, ನಿದ್ದೆಯೂ ಸರಿಯಾಗಿದೆ.

ಅಪ್ಪ, 1986ರಲ್ಲಿ ಮರಡೋನಾ ಇಂಗ್ಲೆಂಡಿನ ಆಟಗಾರರನ್ನು ಒಬ್ಬೊಬ್ಬರನ್ನಾಗಿ ದಾಟಿಸಿಕೊಂಡು ಹೋಗಿ ಹೊಡೆದ ಗೋಲನ್ನು ನೀವು ನನಗೆ ಎಷ್ಟು ಸಲ ಹೇಳಿದ್ದೀರಿ. ಕೊನೆಗೆ ಗೋಲಾಗುತ್ತದೆ ಅಂತ ನನಗೆ ಪ್ರತಿ ಸಲವೂ ಗೊತ್ತಿರುತ್ತಿತ್ತು. ಆದರೂ ಪ್ರತಿ ಸಲವೂ ಹಾಸಿಗೆ ಮೇಲೆ ಎದ್ದು ಕುಣಿಯುತ್ತಿದ್ದೆ. ನಿಮಗೆ ನೆನಪಿದೆ ಅಲ್ವಾ?

ಟ್ರೈನಿಗೆ ಹೊತ್ತಾಯಿತು. ಅಮ್ಮ, ಅಪ್ಪ ಓದಿ ಏನಂದರು ಅಂತ ಅಕ್ಕನ ಫೋನಿನಿಂದ ಒಂದು ಸಾಲು ಕಳಿಸು. ಅಕ್ಕನಿಗೆ, ಭಾವನಿಗೆ, ಪಾಪುಗೆ ಕೇಳಿದೆ ಅಂತ ಹೇಳು. ಉಳಿದದ್ದು ಶನಿವಾರ ಬೆಳಿಗ್ಗೆ.

ನಿಮ್ಮ
ಪುಟ್ಟಿ