ಕೋರ್ಟು ಬಿಡಿ ಅಂದ ಮೇಲೆ ಮನೆಗೆ ಬಿಡಿ: ಗೃಹ ಸಚಿವರಿಗೆ ಬಹಿರಂಗ ಪತ್ರ

ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರಿಗೆ,

ನಮಸ್ಕಾರ. ಜಮ್ಮು-ಕಾಶ್ಮೀರದ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಅಂದರೆ ಪಿಎಸ್‌ಎ ಬಗ್ಗೆ ಬರೆಯುತ್ತಿದ್ದೇನೆ. 2019ರಲ್ಲಿ ಅದು ಕೇಂದ್ರಾಡಳಿತ ಪ್ರದೇಶವಾದ ಮೇಲೆ ಅಲ್ಲಿನ ಪೊಲೀಸರ ಹೊಣೆ ಕೇಂದ್ರದ್ದು. ಹಾಗಾಗಿ ನಿಮ್ಮನ್ನೇ ಕೇಳಬೇಕು.

ಈ ಕಾಯ್ದೆಯಡಿ ವಿಚಾರಣೆಯೇ ಇಲ್ಲದೆ ಒಬ್ಬರನ್ನು ಎರಡು ವರ್ಷದವರೆಗೆ ಜೈಲಲ್ಲಿ ಇಡಬಹುದು. ಹಿಡಿದು ಒಳಗೆ ಹಾಕಲು ಮೊದಲಿಗೆ ಜಿಲ್ಲಾಧಿಕಾರಿಯ ಸಹಿ ಸಾಕು. ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿದರೂ ಎಷ್ಟೋ ಜನ ಮನೆ ಸೇರುವುದಿಲ್ಲ. ಜೈಲಿನಿಂದ ನೇರ ಠಾಣೆಗೆ ಒಯ್ಯುತ್ತಾರೆ. ಅಲ್ಲಿ ಹೊಸ ಎಫ್‌ಐಆರ್, ಇಲ್ಲವೇ ಇನ್ನೊಂದು ಪಿಎಸ್‌ಎ ಆದೇಶ. ಜಾಮೀನು ಸಿಕ್ಕವರಿಗೂ, ಖುಲಾಸೆಯಾದವರಿಗೂ ಇದೇ ಗತಿಯಾಗಿದೆ. ಹಳೆಯ ಆದೇಶದಲ್ಲಿ ತಾಂತ್ರಿಕ ತಪ್ಪಿದ್ದರೆ ಅದೇ ಕಾರಣ ಕೊಟ್ಟು ಮತ್ತೆ ಬಂಧಿಸಲು ಕಾಯ್ದೆಯೇ ದಾರಿ ಬಿಟ್ಟಿದೆ. ಮನೆಯವರು ಮತ್ತೆ ವಕೀಲರನ್ನು ಹಿಡಿಯಬೇಕು, ಮತ್ತೆ ತಿಂಗಳುಗಟ್ಟಲೆ ಕೋರ್ಟಿಗೆ ಅಲೆಯಬೇಕು. ಹಾಗಾದರೆ ಹೈಕೋರ್ಟಿನ ಮಾತಿಗೆ ಬೆಲೆ ಎಲ್ಲಿದೆ?

ನಿಮ್ಮ ಪಕ್ಷದ ಹಿರಿಯರೇ ಇದನ್ನು ಅನುಭವಿಸಿದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲಿ. 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿ, ಅವರ ಜೊತೆ ಸಮಾಜವಾದಿ ನಾಯಕ ಮಧು ದಂಡವತೆ ಇಲ್ಲೇ ಬಂಧನಕ್ಕೊಳಗಾದರು. ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋದರು. ಸರ್ಕಾರ ಹಳೆಯ ಆದೇಶ ಕೈಬಿಟ್ಟು, ವಿಚಾರಣೆಯಿಲ್ಲದೆ ಬಂಧಿಸಲು ಆಗ ಇದ್ದ ಮೀಸಾ ಕಾಯ್ದೆಯಡಿ ಹೊಸ ಆದೇಶ ಹೊರಡಿಸಿ ಮತ್ತೆ ಒಳಗೆ ಹಾಕಿತು. ತುರ್ತು ಪರಿಸ್ಥಿತಿಯ ಅನ್ಯಾಯ ಅಂತ ನೀವೇ ಎಷ್ಟೋ ಸಲ ಹೇಳಿದ್ದೀರಿ. ಸರಿಯಾಗಿಯೇ ಹೇಳಿದ್ದೀರಿ. ಜನತಾ ಸರ್ಕಾರ ಮೀಸಾವನ್ನು ತೆಗೆದುಹಾಕಿತು. ಆದರೆ ಶೇಖ್ ಅಬ್ದುಲ್ಲಾ ಸರ್ಕಾರ 1978ರಲ್ಲಿ ತಂದ ಪಿಎಸ್‌ಎ ಇವತ್ತಿಗೂ ಇದೆ. (2019ರಲ್ಲಿ ಅವರ ಮಗ ಫಾರೂಕ್ ಅಬ್ದುಲ್ಲಾ ಮೇಲೂ ಅದನ್ನೇ ಹೇರಲಾಯಿತು.)

ಕಾಶ್ಮೀರದಲ್ಲಿ ಭಯೋತ್ಪಾದನೆ ಇದೆ, ಜನ ಸತ್ತಿದ್ದಾರೆ, ಪೊಲೀಸರೂ ಸತ್ತಿದ್ದಾರೆ. ಅದನ್ನು ಯಾರೂ ಹಗುರವಾಗಿ ನೋಡಬಾರದು. ತೀರ್ಪು ತಪ್ಪು ಅನಿಸಿದರೆ ಮೇಲ್ಮನವಿ ಹೋಗಿ. ಹೊಸ ಸಾಕ್ಷ್ಯ ಸಿಕ್ಕಿದ್ದರೆ ನ್ಯಾಯಾಧೀಶರ ಮುಂದಿಡಿ. ಇವೆರಡೂ ಇಲ್ಲದಿದ್ದರೆ ಆ ಮನುಷ್ಯನನ್ನು ಹಿಡಿದಿಡಲು ನಿಮಗೆ ಹಕ್ಕಿಲ್ಲ.

ಬಿಹಾರದ ಮುಜಫರ್‌ಪುರದಲ್ಲಿ 1968ರಲ್ಲಿ ಖುಲಾಸೆಯಾದ ಒಬ್ಬ ಕೈದಿ ಹೊರಬಂದದ್ದು 1982ರಲ್ಲಿ. ಮರುವರ್ಷ ಸುಪ್ರೀಂ ಕೋರ್ಟ್ ಆತನಿಗೆ ಒಟ್ಟು 35,000 ರೂಪಾಯಿ ಪರಿಹಾರ ಕೊಡಿಸಿತು. ಹದಿನಾಲ್ಕು ವರ್ಷಕ್ಕೆ ಅಷ್ಟೇ. ಹಾಗೆ ಹಿಡಿದಿಟ್ಟ ಅಧಿಕಾರಿಗಳು ಉತ್ತರ ಕೊಡಬೇಕಲ್ವಾ?

2019ರಿಂದ ಈಚೆಗೆ ಕೋರ್ಟಿನ ಬಿಡುಗಡೆ ಆದೇಶ ಬಂದ ಮೇಲೂ ಎಷ್ಟು ಜನರನ್ನು ಮತ್ತೆ ಬಂಧಿಸಲಾಗಿದೆ, ಯಾರ ಸಹಿಯಿಂದ, ಯಾವ ಹೊಸ ಕಾರಣಕ್ಕೆ? ಜಿಲ್ಲಾವಾರು ಲೆಕ್ಕವನ್ನು ಸಂಸತ್ತಿನ ಮುಂದಿಡಿ. ಹೊಸ ಕಾರಣ ಇಲ್ಲದವರನ್ನು ಈಗಲೇ ಬಿಟ್ಟುಬಿಡಿ.

ಇಂತಿ,
ಬೆಂಗಳೂರಿನ ಒಬ್ಬ ಮತದಾರ