ದಿನಾಂಕವಿಲ್ಲದ ಹುಟ್ಟು

ತೀರ್ಥಹಳ್ಳಿ ಬಳಿಯಿಂದ
ಜೂನ್ ಮೊದಲ ವಾರ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಮಳೆ ಹತ್ತಿರವಿದೆ ಎನ್ನುತ್ತಿದೆ. ಹವಾಮಾನ ಇಲಾಖೆಗಿಂತ ಅವಳ ಮಂಡಿಯನ್ನೇ ನಂಬಿ ಈ ವಾರ ತೋಟಕ್ಕೆ ಮೊದಲ ಸಲದ ಔಷಧಿ ಹೊಡೆಸಿದೆ. ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ಫೋನಿನಲ್ಲಿ ನಾಲ್ಕು ಮಾತಾಡಿ ಮುಗಿಸಬಹುದಿತ್ತು. ಆದರೆ ಈ ಕಾಲದಲ್ಲಿ ಹುಡುಗಿಯೊಬ್ಬಳು ಎಂಟು ಪುಟ ಕೈಯಲ್ಲಿ ಬರೆದಿರುವಾಗ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ನೀನು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಗೆಳತಿ ಕರೆದಳೆಂದು ಬೆಂಗಳೂರಿನಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋದೆ. ಅಲ್ಲಿ ಒಬ್ಬೊಬ್ಬರಾಗಿ ಎದ್ದು, ತಾವು ವಿಶ್ವಾಸದಲ್ಲಿ ಹೊಸದಾಗಿ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಹೇಳಿದರು. ನಿನ್ನ ಸರದಿ ಬಂದಾಗ ಹೇಳಲು ದಿನಾಂಕವಿರಲಿಲ್ಲ, ಬರೀ ಪ್ರಶ್ನೆಗಳಿದ್ದವು. ಅವನ್ನೇ ಕೇಳಿದೆ. 'ಪ್ರಶ್ನೆ ಬರುವುದೇ ನೀನಿನ್ನೂ ಹುಟ್ಟಿಲ್ಲ ಎಂಬುದಕ್ಕೆ ಗುರುತು' ಎಂದರು. ಮತ್ತೆ ದೀಕ್ಷಾಸ್ನಾನ ಮಾಡಿಸಿಕೋ ಎಂದೂ ಹೇಳಿದರು. ಅಂದಿನಿಂದ ಚರ್ಚಿನ ಭಾನುವಾರದ ಪೂಜೆಯಲ್ಲಿ 'ದೇವರನ್ನು ವಿಶ್ವಾಸಿಸುತ್ತೇನೆ' ಎಂಬ ವಿಶ್ವಾಸಪ್ರಮಾಣ ಹೇಳುವಾಗ ನಿನ್ನ ಬಾಯಿ ಕಟ್ಟುತ್ತದೆ. 'ನಾನು ಕ್ರೈಸ್ತಳೇ ಅಲ್ಲವೇನೋ ದೊಡ್ಡಪ್ಪ' ಎಂದು ಕೊನೆಯಲ್ಲಿ ಬರೆದು, ಹೊಡೆದುಹಾಕಿದ್ದೀಯ. ಹೊಡೆದುಹಾಕಿದ್ದನ್ನೂ ಓದಿದೆ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ ಅದೇನು ದೊಡ್ಡ ಕೆಲಸವಲ್ಲ.

ಆ ಕೂಟದವರ ಮಾತಿಗೆ ಬರುವ ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ನೀನು ಐದನೇ ಕ್ಲಾಸಿನಲ್ಲಿದ್ದೆ. ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ಪಾಠ ನಾನೇ ಹೇಳುತ್ತಿದ್ದೆನಲ್ಲ, ಅಂದು ಮೊದಲ ಮನುಷ್ಯರಾದ ಆದಾಮ ಏವೆಯರ ಮಕ್ಕಳು ಕಾಯಿನ ಮತ್ತು ಆಬೇಲನ ಕಥೆ. ನೀನು ಕೈ ಎತ್ತಿ, 'ಭೂಮಿಯ ಮೇಲೆ ಇದ್ದವರೇ ಅಷ್ಟು ಜನವಾದರೆ ಕಾಯಿನನ ಹೆಂಡತಿ ಯಾರ ಮಗಳು?' ಎಂದೆ. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ನಿನ್ನನ್ನು ಹೊರಗೆ ಸಂಪಿಗೆ ಮರದ ಕೆಳಗೆ ನಿಲ್ಲಿಸಿದೆ. ಸೋನೆ ಮಳೆ ಬೀಳುತ್ತಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹತ್ತು ಮಕ್ಕಳ ಮುಂದೆ ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಹಾಗಾಗಿ ಆ ಕೂಟದವರನ್ನು ಬೈಯಲು ನನಗೆ ಬಾಯಿಲ್ಲ. ಅವರಿಗಿಂತ ಹದಿನೈದು ವರ್ಷ ಮೊದಲೇ ನಿನ್ನನ್ನು ಹೊರಗೆ ನಿಲ್ಲಿಸಿದವನು ನಾನು.

ಈಗ 'ಹೊಸದಾಗಿ ಹುಟ್ಟುವ' ವಿಷಯ. ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ತೆಗೆದು ಇನ್ನೊಮ್ಮೆ ಓದು. ಆ ಮಾತನ್ನು ಯೇಸುಸ್ವಾಮಿ ಯಾರಿಗೆ ಹೇಳಿದರು? ನಿಕೊದೇಮನಿಗೆ. ಯೆಹೂದ್ಯರ ನಾಯಕ, ಶಾಸ್ತ್ರ ಓದಿದವನು, ನಾಲ್ಕು ಜನ ನೋಡಿಯಾರೆಂದು ರಾತ್ರಿ ಹೊತ್ತು ಬಂದವನು. ಹೊಸದಾಗಿ ಹುಟ್ಟಬೇಕು ಎಂದಾಗ ಅವನೇನು 'ಆಮೆನ್' ಎಂದನೇ? 'ಮುದುಕನಾದವನು ಮತ್ತೆ ಹುಟ್ಟುವುದು ಹೇಗೆ? ತಾಯಿಯ ಹೊಟ್ಟೆಗೆ ಎರಡನೇ ಸಲ ಹೋಗಲಾದೀತೇ?' ಎಂದು ಕೇಳಿದ. ಸ್ವಲ್ಪ ಮೊಂಡುವಾದವೇ. ಅಲ್ಲಿರುವ ಗ್ರೀಕ್ ಪದ 'ಅನೋಥೆನ್'. ಅದಕ್ಕೆ 'ಮತ್ತೊಮ್ಮೆ' ಎಂಬ ಅರ್ಥವೂ ಇದೆ, 'ಮೇಲಿನಿಂದ' ಎಂಬ ಅರ್ಥವೂ ಇದೆ. ಅವನು ಒಂದನ್ನು ಹಿಡಿದು ಜಗ್ಗಿದ, ಸ್ವಾಮಿ ಇನ್ನೊಂದನ್ನು ತೋರಿಸಿದರು. 'ಇಸ್ರಯೇಲಿನ ಬೋಧಕನಾಗಿ ಇಷ್ಟೂ ತಿಳಿಯದೇ?' ಎಂದು ಚುಚ್ಚಿದ್ದುಂಟು. ಆದರೆ ಎದ್ದು ಹೋಗು ಎನ್ನಲಿಲ್ಲ. ಆ ಅಧ್ಯಾಯದ ಅಷ್ಟು ದೊಡ್ಡ ಮಾತುಗಳೆಲ್ಲ ನಮಗೆ ಸಿಕ್ಕಿದ್ದು ಅವನು ಕೇಳಿದ್ದರಿಂದ.

ಅವನು ಹೊಸದಾಗಿ ಹುಟ್ಟಿದ್ದು ಯಾವ ದಿನ? ಅಲ್ಲಿ ಬರೆದಿಲ್ಲ. ಆ ರಾತ್ರಿ ಅವನು ಹೇಗೆ ಎದ್ದು ಹೋದ ಎಂಬುದೂ ಇಲ್ಲ. ಏಳನೆಯ ಅಧ್ಯಾಯದಲ್ಲಿ ಹಿರಿಯರ ಮಧ್ಯೆ ಕುಳಿತು, 'ಒಬ್ಬನ ಮಾತು ಕೇಳದೆ ಅವನಿಗೆ ತೀರ್ಪು ಕೊಡುವುದು ನಮ್ಮ ಧರ್ಮಶಾಸ್ತ್ರದಲ್ಲಿ ಉಂಟೇ?' ಎನ್ನುತ್ತಾನೆ. ಅದೂ ಒಂದು ಪ್ರಶ್ನೆಯೇ. 'ನೀನೂ ಗಲಿಲೇಯದವನೋ?' ಎಂದು ಹಂಗಿಸಿಕೊಳ್ಳುತ್ತಾನೆ. ಆಮೇಲೆ ಹತ್ತೊಂಬತ್ತನೆಯ ಅಧ್ಯಾಯ. ಶಿಷ್ಯರು ಚದುರಿದ್ದಾರೆ, ಶಿಲುಬೆಯಿಂದ ಇಳಿಸಿದ ದೇಹ ಅಲ್ಲಿದೆ. ಆಗ ಈ ಮುದುಕ ಸುಮಾರು ಮೂವತ್ತು ಕಿಲೋ ತೂಗುವ ಸುಗಂಧದ್ರವ್ಯ ಹೊರಿಸಿಕೊಂಡು ಬರುತ್ತಾನೆ. ರಾತ್ರಿ ಕದ್ದು ಬಂದವನು ಈಗ ಯಾರಿಗೂ ಹೆದರುತ್ತಿಲ್ಲ. ಮೂರಕ್ಕೂ ಹತ್ತೊಂಬತ್ತಕ್ಕೂ ನಡುವೆ ಎಲ್ಲೋ ಹುಟ್ಟು ಆಗಿಹೋಗಿದೆ. ದಿನಾಂಕ ಅವನಿಗೇ ಗೊತ್ತಿತ್ತೋ ಇಲ್ಲವೋ.

ಆ ರಾತ್ರಿಯ ಮಾತುಕತೆಯಲ್ಲೇ ಸ್ವಾಮಿ ಗಾಳಿಯ ಹೋಲಿಕೆ ಕೊಡುತ್ತಾರೆ. ಸದ್ದು ಕೇಳುತ್ತೀ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ತಿಳಿಯದು ಎಂದು. ಗ್ರೀಕಿನಲ್ಲಿ ಗಾಳಿಗೂ ಆತ್ಮಕ್ಕೂ ಒಂದೇ ಪದ, 'ನ್ಯೂಮ'. ಮಲೆನಾಡಿನವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಆಗುಂಬೆ ದಿಕ್ಕಿನಿಂದ ಮಳೆ ಬರುವಾಗ ಜಗಲಿಯಲ್ಲಿ ಕೂತವರಿಗೆ ಮೊದಲು ಕಾಡಿನ ಮೇಲಿನ ಭೋರೆಂಬ ಸದ್ದು ಕೇಳುತ್ತದೆ. ಅಂಗಳದಲ್ಲಿ ಒಂದು ಹನಿಯೂ ಇರುವುದಿಲ್ಲ. ಮಳೆ ಶುರುವಾಯಿತು ಎಂದು ಯಾವ ಗಳಿಗೆಯನ್ನು ಗುರುತು ಹಾಕುತ್ತೀಯ?

ದಿನಾಂಕ ಹೇಳುವವರೆಲ್ಲ ಸುಳ್ಳರು ಎಂದು ನಾನು ಹೇಳುತ್ತಿಲ್ಲ. ಜಾನ್ ವೆಸ್ಲಿ ಎಂಬ ಇಂಗ್ಲಿಷ್ ಬೋಧಕ ಗಂಟೆಯನ್ನೂ ಬರೆದಿಟ್ಟ: 1738ರ ಮೇ 24, ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು. ಅವನ ಹಿಂದೆ ಮೆಥಡಿಸ್ಟ್ ಪಂಥವೇ ಹುಟ್ಟಿತು. ಆದರೆ ಅದೇ ವೆಸ್ಲಿ ಮರುವರ್ಷದ ಜನವರಿಯಲ್ಲಿ, ನಾನೀಗ ಕ್ರೈಸ್ತನಲ್ಲ ಎಂದು ತನ್ನ ದಿನಚರಿಯಲ್ಲೇ ಬರೆದುಕೊಂಡಿದ್ದಾನೆ. ಅವನು ಅದನ್ನು ಹೊಡೆದುಹಾಕಲಿಲ್ಲ, ನೋಡು.

ನಮ್ಮ ಧರ್ಮಸಭೆಯ ಕಡೆಗೇ ನೋಡಿದರೂ ಪ್ರಶ್ನೆ ಹೊರಗಿನದಲ್ಲ. ಮಗುವನ್ನು ದೀಕ್ಷಾಸ್ನಾನಕ್ಕೆ ತಂದಾಗ ಗುರುಗಳು ಹೆಸರು ಕೇಳಿದ ಮೇಲೆ ಕೇಳುವುದೇ, ದೇವರ ಸಭೆಯಿಂದ ಏನು ಬಯಸಿ ಬಂದಿದ್ದೀರಿ ಎಂದು. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯಕ್ಕೆ ನಾವೆಲ್ಲ ಹೋಗಿದ್ದೆವಲ್ಲ, ಮೇಣ ನಿನ್ನ ಕೈ ಮೇಲೆ ಬಿದ್ದು ಅತ್ತಿದ್ದೆ. ಆಗಲೂ ಗುರುಗಳು 'ವಿಶ್ವಾಸಿಸುತ್ತೀರೋ?' ಎಂದು ಮತ್ತೆ ಮತ್ತೆ ಕೇಳಿದರು. ಪ್ರತಿ ವರ್ಷ ಕೇಳುತ್ತಾರೆ. ಒಮ್ಮೆ ಹೇಳಿ ಮುಗಿಯುವ ಉತ್ತರವಾಗಿದ್ದರೆ ವರ್ಷ ವರ್ಷವೂ ಏಕೆ ಕೇಳಬೇಕು? ಈಸ್ಟರ್ ಆದ ಮರು ಭಾನುವಾರ ಓದುವುದು, ಸತ್ತು ಎದ್ದ ಯೇಸುಸ್ವಾಮಿಯನ್ನು ಮುಟ್ಟಿ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನ ಕಥೆಯನ್ನೇ. ಯಾವ ವರ್ಷವೂ ಬಿಡುವುದಿಲ್ಲ. ಎರಡನೇ ಸಲದ ಸ್ನಾನ ಮಾತ್ರ ನಮ್ಮಲ್ಲಿಲ್ಲ, ಅದಕ್ಕೆ ಒಪ್ಪಬೇಡ. ಮನೆಯ ಮಗಳು ಮುನಿಸಿಕೊಂಡಳೆಂದು ಅವಳಿಗೆ ಎರಡನೇ ಸಲ ಹೆಸರಿಡುತ್ತಾರೆಯೇ?

ಔಷಧಿ ಹೊಡೆಸಿದೆ ಎಂದೆನಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ನೀಲಿ ಬಣ್ಣ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೂ ನಾನು ಉಜ್ಜಿದ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿ ಹಿಡಿಯುತ್ತೇನೆ. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಹಾಗೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ಈ ಸಲ ಎರಡು ಬಾರಿ ಕೆಂಪಾಯಿತು, ಎರಡು ಬಾರಿ ಸುಣ್ಣದ ತಿಳಿ ಸೇರಿಸಿದೆ. ಮರ ಹತ್ತುವ ಹುಡುಗ, 'ಎಷ್ಟು ಸಲ ನೋಡುತ್ತೀರಿ ಮೇಷ್ಟ್ರೇ' ಎಂದು ಗೊಣಗಿದ. ಔಷಧಿಯ ಮೇಲೆ ನಂಬಿಕೆ ಇಲ್ಲದವನಾಗಿದ್ದರೆ ನಾನು ಚಾಕು ಅದ್ದುತ್ತಲೇ ಇರಲಿಲ್ಲ, ಡ್ರಮ್ಮನ್ನು ಚೆಲ್ಲಿಬಿಡುತ್ತಿದ್ದೆ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದದ್ದು ಆಗ ನೆನಪಾಯಿತು.

ಇನ್ನು ನಿನಗೆ ಹಿಡಿಸದ ಒಂದು ಮಾತು. ನಿನ್ನ ಮೂರನೆಯ ಪುಟದಲ್ಲಿ ಇರುವುದು, ಅಷ್ಟೆಲ್ಲ ಪ್ರಾರ್ಥಿಸಿದರೂ ಗೆಳತಿಯ ತಂದೆ ಏಕೆ ಉಳಿಯಲಿಲ್ಲ ಎಂಬುದು. ಅದು ನಿಜವಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಯೋಬನ ಗ್ರಂಥದ ಕೊನೆಯ ಅಧ್ಯಾಯವನ್ನು ಓದು: ದೇವರ ಪರವಾಗಿ ಸಿದ್ಧ ಉತ್ತರ ಕೊಟ್ಟ ಗೆಳೆಯರ ಮೇಲೆ ದೇವರಿಗೆ ಕೋಪ ಬರುತ್ತದೆ, ಕಷ್ಟದಲ್ಲಿ ದೇವರೊಡನೆಯೇ ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ್ದು ಎನ್ನುತ್ತಾರೆ. ಆದರೆ ಆರನೆಯ ಪುಟದಲ್ಲಿ ಚರ್ಚಿನ ಸಮಿತಿಯವರ ಜಗಳ, ಯಾರೋ ಹಾಕಿಕೊಂಡ ಒಡವೆ ಎಂದೆಲ್ಲ ಬರೆದಿದ್ದೀಯ. ಅದು ಪ್ರಶ್ನೆಯಲ್ಲ, ದೂರು. ಭಾನುವಾರ ಬೆಳಿಗ್ಗೆ ಮಲಗಲು ಒಂದು ನೆಪವೂ ಇರಬಹುದು. ಉತ್ತರ ಸಿಕ್ಕರೆ ನಾನು ಏನನ್ನಾದರೂ ಬದಲಿಸಿಕೊಳ್ಳಬೇಕಾಗುತ್ತದೆಯೇ ಎಂದು ಕೇಳಿಕೊಂಡು ನೋಡು. ಯಾವುದು ಯಾವುದು ಎಂದು ನಿನಗೇ ತಿಳಿಯುತ್ತದೆ.

ನನ್ನ ಹುಟ್ಟಿನ ದಿನ ಯಾವುದು ಎಂದು ಕೇಳಿದ್ದೀಯ. ಕೆಳಮನೆಯ ನಿನ್ನ ಚಿಕ್ಕಪ್ಪನಿಗೂ ನನಗೂ ಬೇಲಿಯ ವಿಷಯದಲ್ಲಿ ಒಂಬತ್ತು ವರ್ಷ ಮಾತಿರಲಿಲ್ಲ. ಆ ಒಂಬತ್ತು ವರ್ಷವೂ ನಾನು ಧರ್ಮೋಪದೇಶ ಹೇಳಿದ್ದೇನೆ, ವಿಶ್ವಾಸಪ್ರಮಾಣವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದೇನೆ. ಒಂದು ಆಷಾಢದಲ್ಲಿ ತೋಟದ ಬಸಿಗಾಲುವೆಗೆ ಸೋಗೆ, ಹಾಳೆ ಬಿದ್ದು ನೀರು ಕಟ್ಟಿತು. ಗುದ್ದಲಿ ಹಿಡಿದು ಬಿಡಿಸುತ್ತಾ ಹೋದೆ. ಬಗ್ಗಿದವನು ಬೆನ್ನು ನೆಟ್ಟಗೆ ಮಾಡಿ ನೋಡಿದರೆ ನನ್ನ ಗಡಿ ದಾಟಿ ಅವನ ಕಾಲುವೆಯನ್ನೂ ಹತ್ತು ಮಾರು ಬಿಡಿಸಿದ್ದೇನೆ. ಅವನು ದರೆಯ ಮೇಲೆ ಕೊಡೆ ಹಿಡಿದು ನಿಂತು ನೋಡುತ್ತಿದ್ದ. 'ಕಾಫಿ ಕುಡಿದು ಹೋಗು' ಎಂದ. ಒಳಗಿನ ಸಿಟ್ಟು ಯಾವಾಗ ಹೋಗಿತ್ತೋ ಗೊತ್ತಿಲ್ಲ. ಹೋಗಿದೆ ಎಂದು ತಿಳಿದದ್ದು ಅಂದು. ಅಂದಿನ ತಾರೀಖನ್ನೂ ಬರೆದಿಟ್ಟಿಲ್ಲ.

ವಿಶ್ವಾಸಪ್ರಮಾಣ ಹೇಳಲು ಆಗದ ವಾರ ಹೇಳಬೇಡ, ಉಳಿದವರು ಹೇಳುವುದನ್ನು ಕೇಳಿಸಿಕೊಂಡು ನಿಲ್ಲು. ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ರೋಗಿಷ್ಠ ಹುಡುಗನ ತಂದೆ ಕೂಗಿ ಹೇಳಿದ ಮಾತಿದೆ: ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ನೀಗಿಸಲು ನೆರವಾಗು ಎಂದು. ಅಷ್ಟನ್ನು ಹೇಳಲು ಬಾಯಿ ಕಟ್ಟದು. ಆ ಹುಡುಗ ವಾಸಿಯಾಗುವುದೂ ಆ ಅರ್ಧ ನಂಬಿಕೆಯ ಮೇಲೆಯೇ.

ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ರಜೆ ಹಾಕಿ ಬಾ. ದೊಡ್ಡಮ್ಮ ಅರಿಶಿನ ಎಲೆಯ ಕಡುಬು ಮಾಡುತ್ತಾಳಂತೆ. ಬರುವಾಗ ದೊಡ್ಡ ಅಕ್ಷರದ ಬೈಬಲ್ ಒಂದನ್ನು ತಂದುಕೊಡು, ನನ್ನ ಹಳೆಯದರ ಅಕ್ಷರಗಳು ಈಗ ಇರುವೆ ಸಾಲಿನಂತೆ ಕಾಣುತ್ತವೆ. ಕಾಯಿನನ ಹೆಂಡತಿಯ ವಿಷಯವನ್ನು ಆಗ ಮಾತಾಡೋಣ. ಅವರಿವರು ಹೇಳಿದ ಮೂರು ಉತ್ತರಗಳನ್ನು ಇಷ್ಟು ವರ್ಷದಲ್ಲಿ ಕೂಡಿಸಿಟ್ಟಿದ್ದೇನೆ, ಒಂದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಈ ಸಲ ಜಗಲಿಯ ಮೇಲೆ ಕೂತೇ ಕೇಳು.

ನಿನ್ನ ದೊಡ್ಡಪ್ಪ