ಪದಕದ ಅಂಚಿನ ಅಕ್ಷರ ಅಳಿಸದಿರಲಿ

ಮಾನ್ಯ ಸಂಪಾದಕರೇ,

ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರಿಗೆ ಸಂದ ಬೆಳ್ಳಿಯ ಪದಕಗಳು ಬೆಂಗಳೂರು ದಂಡು ಪ್ರದೇಶದ ಹಳೆಯ ಮನೆಗಳಿಂದ ಈಗಲೂ ಆಗಾಗ ಚಿನಿವಾರರ ತಕ್ಕಡಿಗೆ ಬರುತ್ತಿವೆ. ಒಂಟಿ ಪದಕವಾದರಂತೂ, ಅದರ ಜೊತೆಯವು ಕಳೆದುಹೋಗಿವೆ ಎಂದುಕೊಂಡು ಮಾರುವವರೂ ಕೊಳ್ಳುವವರೂ ಬರಿಯ ತೂಕ ನೋಡುತ್ತಾರೆ. ಇದು ಸರಿಯಲ್ಲ.

1915ರ ಕೊನೆಯೊಳಗೆ ಯುದ್ಧರಂಗಕ್ಕೆ ಕಾಲಿಟ್ಟ ಸೈನಿಕನಿಗೆ ಕಂಚಿನ ನಕ್ಷತ್ರ, ಬೆಳ್ಳಿಯ ಬ್ರಿಟಿಷ್ ಯುದ್ಧ ಪದಕ ಮತ್ತು ಕಂಚಿನ ವಿಜಯ ಪದಕ ಮೂರೂ ಸಿಕ್ಕವು. ಆಮೇಲೆ ಹೋದವನಿಗೆ ನಕ್ಷತ್ರವಿಲ್ಲ. 1914ರ ಕೊನೆಯ ತಿಂಗಳುಗಳಲ್ಲಿ ಭಾರತದಲ್ಲಿದ್ದ ಬಹುಪಾಲು ಕಾಯಂ ಬ್ರಿಟಿಷ್ ಪಡೆಗಳನ್ನು ಹಿಂದಕ್ಕೆ ಕರೆಸಿಕೊಂಡಾಗ, ಅವುಗಳ ಜಾಗಕ್ಕೆ ಇಂಗ್ಲೆಂಡಿನ ವೆಸೆಕ್ಸ್ ಮತ್ತು ಹೋಮ್ ಕೌಂಟೀಸ್ ಡಿವಿಷನ್ನುಗಳ ಟೆರಿಟೋರಿಯಲ್ ಸೈನಿಕರು, ಅಂದರೆ ಊರಿನಲ್ಲಿ ತಮ್ಮ ತಮ್ಮ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಕವಾಯತು ಕಲಿತವರು, ಹಡಗು ಹತ್ತಿ ಬಂದರು. ಇವರಲ್ಲಿ ಹಲವರನ್ನು ಮುಂದೆ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಕಳುಹಿಸಲಾಯಿತು. ಇಲ್ಲಿನ ದಂಡುಗಳಲ್ಲೇ ಕಾವಲಿದ್ದವರು ಯುದ್ಧರಂಗ ಕಾಣದ ಕಾರಣ ವಿಜಯ ಪದಕಕ್ಕೆ ಅರ್ಹರಾಗಲಿಲ್ಲ. ಯುದ್ಧಕ್ಕೆ ಮೊದಲೇ ಟೆರಿಟೋರಿಯಲ್ ಪಡೆಯಲ್ಲಿದ್ದು, ಹೊರದೇಶದಲ್ಲಿ ಸೇವೆ ಸಲ್ಲಿಸಿಯೂ ನಕ್ಷತ್ರ ಸಿಗದವರಲ್ಲಿ ಅರ್ಹರಾದವರಿಗೆ ಪ್ರತ್ಯೇಕವಾದ ಇನ್ನೊಂದು ಪದಕ ಬಂತು. ಅದನ್ನು ಪಡೆದವರು ಸುಮಾರು 34,000 ಮಂದಿ ಮಾತ್ರ. 1919ರ ಆಫ್ಘನ್ ಯುದ್ಧಕ್ಕೆ ಹೋದವರಿಗೆ ರಿಬ್ಬನ್ನಿನ ಮೇಲೆ ಆ ವರ್ಷ ನಮೂದಿಸಿದ ಲೋಹದ ಪಟ್ಟಿಯುಳ್ಳ ಭಾರತ ಸಾಮಾನ್ಯ ಸೇವಾ ಪದಕವೂ ದೊರೆಯಿತು. ಉಳಿದ ಅನೇಕರ ಪಾಲಿಗೆ ಬೆಳ್ಳಿಯ ಪದಕವೊಂದೇ. ಹಾಗಾಗಿ ನಮ್ಮಲ್ಲಿ ಸಿಗುವ ಒಂಟಿ ಪದಕ ನಮ್ಮದೇ ಯಾವುದೋ ದಂಡಿನಲ್ಲಿ ವರ್ಷಗಟ್ಟಲೆ ಕಾವಲಿದ್ದವನ ಪೂರ್ಣ ಗೌರವವೇ ಆಗಿರಬಹುದು.

ಅದು ಯಾರದೆಂದು ತಿಳಿಯಲು ಐದನೇ ಜಾರ್ಜರ ಮುಖವಿರುವ ಬದಿಯನ್ನಲ್ಲ, ಅಂಚನ್ನು ನೋಡಬೇಕು. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟುಗಳನ್ನು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ಬಾಂಬುಗಳಿಂದ ಯುದ್ಧ ಇಲಾಖೆಯ ದಾಖಲೆಗಳ ಉಗ್ರಾಣಕ್ಕೆ ಬೆಂಕಿ ಹತ್ತಿ, ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಬೂದಿಯಾದವು. ಪದಕಗಳ ಲೆಕ್ಕದ ಕಾರ್ಡುಗಳು ಉಳಿದು, ಲಂಡನ್ನಿನ ಕ್ಯೂ ಎಂಬಲ್ಲಿನ ಬ್ರಿಟನ್ ರಾಷ್ಟ್ರೀಯ ಪತ್ರಾಗಾರದ ಮೂಲಕ ಇಂದಿಗೂ ಸಿಗುತ್ತವೆ. ಕಡತವೇ ಸುಟ್ಟುಹೋದವನ ಸೇವೆಯನ್ನು ಹುಡುಕಲು ಅಂಚಿನ ಆ ಸಾಲು ಮತ್ತು ಈ ಕಾರ್ಡು ಬಿಟ್ಟರೆ ಬೇರೆ ಆಧಾರ ಬಹಳ ಕಡಿಮೆ.

ಅಂಗಡಿಗಳಲ್ಲಿ ವಿಭೂತಿಯಿಂದಲೋ ಪಾಲಿಶ್ ಹಚ್ಚಿಯೋ ತಿಕ್ಕಿದಷ್ಟೂ ಆ ಅಕ್ಷರಗಳು ಸವೆಯುತ್ತವೆ. ಕುಲುಮೆಗೆ ಬಿದ್ದರೆ ಹೇಳುವುದೇ ಬೇಡ. ಮನೆಯವರಲ್ಲಿಯೂ ಚಿನಿವಾರರಲ್ಲಿಯೂ ನನ್ನ ಕಳಕಳಿಯ ಬೇಡಿಕೆ ಇದು: ಕೈಬದಲಾಗುವ ಮೊದಲು ಅಂಚಿನ ಸುತ್ತಲೂ ಫೋಟೊ ತೆಗೆಯಿರಿ, ಜೊತೆಗಿರುವ ಪದಕಗಳನ್ನು ಬೇರೆಬೇರೆಯಾಗಿ ಮಾರಬೇಡಿ. 1917ರಲ್ಲಿ ಟೆರಿಟೋರಿಯಲ್ ಸೈನಿಕರಿಗೆಲ್ಲ ಹೊಸ ಸಂಖ್ಯೆ ಕೊಟ್ಟಿದ್ದರಿಂದ ಒಬ್ಬನೇ ಎರಡು ಸಂಖ್ಯೆಗಳಲ್ಲಿ ಕಾಣಸಿಗುತ್ತಾನೆ. ಆದ್ದರಿಂದ ಅಂಚಿನಲ್ಲಿರುವ ಅಂಕಿಗಳನ್ನು ಒಂದೂ ಬಿಡದೆ, ಇದ್ದಂತೆಯೇ ಬರೆದಿಡಿ.

— ನಿವೃತ್ತ ಇತಿಹಾಸ ಅಧ್ಯಾಪಕ, ಬೆಂಗಳೂರು